ಹಿಮ್ಮಡಿಯ ಸದ್ದು: ಒಬ್ಬ ವಾಲಿಬಾಲ್ ಹುಡುಗನ ಜಿಗಿತದ ಪ್ರಕರಣ

ಹುಡುಗ ಡಿಗ್ರಿ ಎರಡನೇ ವರ್ಷದವನು. ವಯಸ್ಸು 19, ಎತ್ತರ 184 ಸೆಂ.ಮೀ., ತೂಕ 74 ಕೆ.ಜಿ. ಊರು ಮಂಡ್ಯ ಜಿಲ್ಲೆಯ ಕಬ್ಬಿನ ಸೀಮೆ. ಕಟಾವಿನ ಕಾಲದಲ್ಲಿ ಹೊರೆ ಹೊತ್ತು ಲಾರಿಗೆ ತುಂಬಿ ಬಲಿತ ತೊಡೆ. ಹೆಗಲ ಮೇಲೆ 110 ಕೆ.ಜಿ. ಇಟ್ಟುಕೊಂಡು ಕೂತು ಏಳುತ್ತಾನೆ. ನಮ್ಮ ತಂಡದಲ್ಲಿ ಅಷ್ಟು ಎತ್ತುವವನು ಬೇರೆ ಇಲ್ಲ. ಆದರೂ ದಿನಾ ಸಂಜೆ ಅಭ್ಯಾಸದಲ್ಲಿ, ಅವನಿಗಿಂತ ಗಿಡ್ಡನಾದ, ಕಡ್ಡಿ ಕಾಲಿನ ಇನ್ನೊಬ್ಬ ಹುಡುಗ ಅವನ ಬ್ಲಾಕಿನ ಮೇಲಿಂದಲೇ ಸ್ಮ್ಯಾಷ್ ಹೊಡೆದು ನಗುತ್ತಿದ್ದ.

"ಸಾರ್, ಕಾಲಲ್ಲಿ ಬಲ ಐತೆ. ಮೇಲಕ್ಕೆ ಏಳಕ್ಕೆ ಮಾತ್ರ ಆಯ್ತಿಲ್ಲ" ಅಂದ. ಅವನ ತೊಂದರೆಯನ್ನು ಇದಕ್ಕಿಂತ ಸರಿಯಾಗಿ ನಾನೂ ಹೇಳಲಾರೆ.

ನನ್ನ ಹತ್ತಿರ ಬರುವ ಮೊದಲೇ ಅವನು ತನಗೆ ತಾನೇ ಮದ್ದು ಮಾಡಿಕೊಂಡಿದ್ದ. ಫೋನಿನಲ್ಲಿ ಯಾರೋ ಎತ್ತರದ ಪೆಟ್ಟಿಗೆಯಿಂದ ಕೆಳಕ್ಕೆ ಧುಮುಕಿ, ನೆಲ ಮುಟ್ಟಿದ ಕೂಡಲೇ ಮತ್ತೆ ಮೇಲಕ್ಕೆ ನೆಗೆಯುವ ವಿಡಿಯೊ ನೋಡಿದ್ದ. ಪ್ಲಯೋಮೆಟ್ರಿಕ್ಸ್ ಅನ್ನೋ ಹೆಸರೂ ಅಲ್ಲೇ ಸಿಕ್ಕಿದ್ದು. ಮೈದಾನದ ಅಂಚಿನ ರಂಗವೇದಿಕೆಯ ಕಟ್ಟೆ ಹತ್ತಿ, ದಿನಕ್ಕೆ ನೂರು ಸಲದಂತೆ ವಾರಕ್ಕೆ ಆರು ದಿನ ಸಿಮೆಂಟ್ ನೆಲಕ್ಕೆ ಧುಮುಕಿದ. ಆರು ವಾರ ಹೀಗೇ ನಡೆಯಿತು. ಕಟ್ಟೆಯನ್ನು ಟೇಪ್ ಹಿಡಿದು ಅಳೆದೆ: ಸರಿಯಾಗಿ 75 ಸೆಂ.ಮೀ. ಇಷ್ಟು ಬೆವರು ಸುರಿಸಿ ಅವನಿಗೆ ದಕ್ಕಿದ್ದು ಬಲ ಮಂಡಿಚಿಪ್ಪಿನ ಕೆಳಗೆ, ಒಂದೇ ಬೆರಳಲ್ಲಿ ತೋರಿಸಬಹುದಾದ ನೋವು. ಮೆಟ್ಟಿಲು ಇಳಿಯುವಾಗ ಹೆಚ್ಚು, ಮೈ ಬಿಸಿಯಾದಾಗ ಮಾಯ, ರಾತ್ರಿ ಮತ್ತೆ ಹಾಜರ್. ಜಿಗಿತವಂತೂ ಮೊದಲಿಗಿಂತ ಕಡಿಮೆಯಾಗಿದೆ ಎಂದು ಅವನೇ ಹೇಳಿದ.

"ಒಂದು ಸಲ ಮಾಡಿ ತೋರಿಸು" ಎಂದು ನಾನು ಬೆನ್ನು ತಿರುಗಿಸಿ ನಿಂತೆ. ಜಿಗಿತವನ್ನು ನೋಡುವುದಕ್ಕಿಂತ ಮೊದಲು ಕೇಳಿಸಿಕೊಳ್ಳುವುದು ನನ್ನ ಹಳೇ ಚಾಳಿ. ಎರಡು ಸದ್ದು ಬಂದವು. ಮೊದಲು ಮುಂಗಾಲಿನ "ಟಪ್", ಅದರ ಬೆನ್ನಿಗೇ ಹಿಮ್ಮಡಿಯ "ಧಬ್". ಕಡ್ಡಿ ಕಾಲಿನ ಹುಡುಗನನ್ನು ಕರೆದು ಅದೇ ಕಟ್ಟೆಯಿಂದ ಒಂದೇ ಒಂದು ಸಲ ಧುಮುಕಿಸಿದೆ. ಅವನದು ಒಂದೇ ಸದ್ದು.

ಫ್ರೇಮ್ ಎಣಿಕೆ

ನಮ್ಮಲ್ಲಿ ಫೋರ್ಸ್ ಪ್ಲೇಟ್, ಅಂದರೆ ಕಾಲು ನೆಲವನ್ನು ಒತ್ತುವ ಬಲ ಅಳೆಯುವ ಹಲಗೆ, ಇಲ್ಲ, ಅಂಥದ್ದು ತಾಲ್ಲೂಕು ಮೈದಾನಕ್ಕೆ ಬರುವ ಕಾಲವೂ ಹತ್ತಿರವಿಲ್ಲ. ಸೆಕೆಂಡಿಗೆ 240 ಫ್ರೇಮ್ ಹಿಡಿಯುವ ಫೋನ್ ಇದೆ. ಅದನ್ನು ಇಟ್ಟಿಗೆಗೆ ಒರಗಿಸಿ ನೆಲಮಟ್ಟದಲ್ಲಿಟ್ಟು, ಪಾದ ನೆಲ ಮುಟ್ಟಿದ ಫ್ರೇಮ್, ಬಿಟ್ಟ ಫ್ರೇಮ್, ಮತ್ತೆ ಮುಟ್ಟಿದ ಫ್ರೇಮ್ ಎಣಿಸಿದರೆ ನೆಲದ ಮೇಲಿದ್ದ ಸಮಯ, ಗಾಳಿಯಲ್ಲಿದ್ದ ಸಮಯ ಎರಡೂ ಸಿಗುತ್ತವೆ. ಗಾಳಿಯಲ್ಲಿದ್ದ ಸೆಕೆಂಡುಗಳನ್ನು ವರ್ಗ ಮಾಡಿ, 9.81ರಿಂದ ಗುಣಿಸಿ, 8ರಿಂದ ಭಾಗಿಸಿ; ಬಂದದ್ದು ಜಿಗಿತದ ಎತ್ತರ, ಮೀಟರಿನಲ್ಲಿ. ಒಂದೇ ಎಚ್ಚರಿಕೆ: ಇಳಿಯುವಾಗ ಮಂಡಿ ಮಡಚಿಕೊಂಡು ಬಂದರೆ ಗಾಳಿಯ ಸಮಯ ಸುಳ್ಳೇ ಹೆಚ್ಚುತ್ತದೆ. ಹುಡುಗರಿಗೆ ಈ ಕಳ್ಳದಾರಿ ಎರಡೇ ದಿನದಲ್ಲಿ ಗೊತ್ತಾಗುತ್ತದೆ.

ಎಲ್ಲ ಜಿಗಿತಗಳನ್ನೂ ಸೊಂಟದ ಮೇಲೆ ಕೈಯಿಟ್ಟೇ ಮಾಡಿಸಿದೆ. ಅರ್ಧ ಕೂತು, ಕದಲದೆ ನಿಂತು, ಅಲ್ಲಿಂದ ನೇರ ಮೇಲಕ್ಕೆ: 124 ಫ್ರೇಮ್, ಅಂದರೆ 32.7 ಸೆಂ.ಮೀ. ನಿಂತಲ್ಲಿಂದ ಸರಕ್ಕನೆ ಕುಗ್ಗಿ ಮೇಲಕ್ಕೆ: 126 ಫ್ರೇಮ್, 33.8 ಸೆಂ.ಮೀ. ಕುಗ್ಗಿ ನೆಗೆದರೆ ಸಾಮಾನ್ಯವಾಗಿ ಕೆಲವು ಸೆಂಟಿಮೀಟರ್ ಲಾಭ ಇರಬೇಕು. ಇವನಿಗೆ ಸಿಕ್ಕಿದ್ದು ಒಂದೇ ಒಂದು.

ಆಮೇಲೆ ಧುಮುಕಿ ನೆಗೆಯುವುದು. 20 ಸೆಂ.ಮೀ.ನಿಂದ ಇಳಿದಾಗ ಪಾದ ನೆಲದ ಮೇಲಿದ್ದದ್ದು 0.20 ಸೆಕೆಂಡ್, ಎದ್ದದ್ದು 29.6 ಸೆಂ.ಮೀ. 30ರಿಂದ 0.23 ಸೆಕೆಂಡ್, 30.7 ಸೆಂ.ಮೀ. 45ರಿಂದ 0.275 ಸೆಕೆಂಡ್, 29.6. ಅವನ ಪ್ರೀತಿಯ 75ರ ಕಟ್ಟೆಯಿಂದ? ನೆಲದ ಮೇಲೆ 0.35 ಸೆಕೆಂಡ್ ಕೂತು, ಎದ್ದದ್ದು ಬರೀ 26.7 ಸೆಂ.ಮೀ.

ಮೀಟರಿನಲ್ಲಿ ಹೇಳಿದ ಎತ್ತರವನ್ನು ನೆಲದ ಸಮಯದಿಂದ ಭಾಗಿಸಿದರೆ ಬರುವ ಅಂಕಿಗೆ ತರಬೇತುದಾರರು ರಿಯಾಕ್ಟಿವ್ ಸ್ಟ್ರೆಂತ್ ಇಂಡೆಕ್ಸ್ ಎನ್ನುತ್ತಾರೆ. 20 ಸೆಂ.ಮೀ.ನಲ್ಲಿ ಅವನದು 1.48. 75ರಲ್ಲಿ 0.76, ಹತ್ತಿರ ಹತ್ತಿರ ಅರ್ಧ. ಅಂದರೆ ಆರು ವಾರ ಅವನು ಅಭ್ಯಾಸ ಮಾಡಿದ್ದು ನಿಧಾನವಾಗಿ ನೆಗೆಯುವುದನ್ನು.

ಕ್ಯಾಟರ್‌ಬಿಲ್ಲು

ಹುಡುಗನಿಗೆ ಇದನ್ನು ವಿವರಿಸಲು ಪುಸ್ತಕ ತೆಗೆಯಲಿಲ್ಲ, ಕ್ಯಾಟರ್‌ಬಿಲ್ಲು ಕೇಳಿದೆ. ಕವೆ ಹಿಡಿದ ಕೈ ಗಟ್ಟಿಯಾಗಿ ನಿಂತರೆ ರಬ್ಬರು ಹಿಗ್ಗುತ್ತದೆ, ಕಲ್ಲು ಹಾರುತ್ತದೆ. ಎಳೆದ ಕಡೆಗೇ ಕವೆಯ ಕೈಯೂ ಬಂದುಬಿಟ್ಟರೆ ರಬ್ಬರು ಹಿಗ್ಗುವುದೇ ಇಲ್ಲ. ಕಾಲಿನಲ್ಲಿ ರಬ್ಬರು ಅಂದರೆ ಅಕಿಲೀಸ್ ರಜ್ಜು, ಸ್ನಾಯುವನ್ನು ಹಿಮ್ಮಡಿಯ ಮೂಳೆಗೆ ಕಟ್ಟುವ ದಪ್ಪ ನಾರು; ಕವೆ ಹಿಡಿದ ಕೈ ಅಂದರೆ ಮೀನಖಂಡದ ಸ್ನಾಯು.

ಮೀನಖಂಡದಲ್ಲಿ ಮುಖ್ಯವಾಗಿ ಎರಡು ಸ್ನಾಯುಗಳಿವೆ. ಮೇಲೆ ಎರಡು ಹೋಳಾಗಿ ಉಬ್ಬಿ ಕಾಣುವುದು ಗ್ಯಾಸ್ಟ್ರಾಕ್ನೀಮಿಯಸ್. ಅದು ಮಂಡಿಯ ಮೇಲೆ, ತೊಡೆಮೂಳೆಯ ತುದಿಯಲ್ಲಿ ಹುಟ್ಟುತ್ತದೆ. ಅದರ ಅಡಿಯಲ್ಲಿ ಚಪ್ಪಟೆಯಾಗಿ ಮಲಗಿರುವುದು ಸೋಲಿಯಸ್. ಮಂಡಿಯ ಕೆಳಗೇ ಹುಟ್ಟುತ್ತದೆ, ಹೊರನೋಟಕ್ಕೆ ಅಷ್ಟಾಗಿ ಕಾಣದಿದ್ದರೂ ಎಳೆತ ಅದರದ್ದೇ ಜಾಸ್ತಿ. ಎರಡೂ ಕೂಡಿ ಅಕಿಲೀಸ್ ರಜ್ಜುವಾಗಿ ಹಿಮ್ಮಡಿಗೆ ಬೆಸೆದುಕೊಳ್ಳುತ್ತವೆ.

ಜಿಗಿತದಲ್ಲಿ ಈ ಸ್ನಾಯುಗಳು ಉದ್ದವಾಗಿ ಆಮೇಲೆ ಕುಗ್ಗುತ್ತವೆ ಎಂದು ನಾವೆಲ್ಲ ಓದಿದ್ದೇವೆ. ಹೊರಗಿಂದ ನೋಡಿದರೆ ಹಾಗೇ ಕಾಣುತ್ತದೆ: ಪಾದ ಮಡಚುತ್ತದೆ, ಚಾಚುತ್ತದೆ. 2000ರ ಆಚೀಚೆ ಜಪಾನಿನ ಫುಕುನಾಗಾ, ಕವಾಕಾಮಿ ಮತ್ತು ಅವರ ಸಂಗಡಿಗರು ಮೀನಖಂಡದ ಮೇಲೆ ಅಲ್ಟ್ರಾಸೌಂಡ್ ಇಟ್ಟು, ಚಲಿಸುತ್ತಿರುವ ಕಾಲಿನ ಒಳಗನ್ನು ನೋಡಿದರು. ಪಾದ ಮಡಚಿ ಚಾಚುವ ಚಲನೆಯಲ್ಲಿ, ಕೀಲು ಮಡಚುತ್ತಿದ್ದರೂ ಸ್ನಾಯುವಿನ ಎಳೆಗಳು ಹೆಚ್ಚುಕಡಿಮೆ ಇದ್ದಷ್ಟೇ ಉದ್ದ ಉಳಿದಿದ್ದವು. ಹಿಗ್ಗುವ ಕೆಲಸದ ಬಹುಪಾಲು ರಜ್ಜುವಿನದು. ಎಳೆಗಳು ಹಿಡಿದು ನಿಂತಿದ್ದವು, ಅಷ್ಟೆ.

ಹಿಡಿದು ನಿಲ್ಲುವುದರಲ್ಲಿ ಸ್ನಾಯುವಿಗೆ ದೊಡ್ಡ ಲಾಭವಿದೆ. ಎ.ವಿ. ಹಿಲ್ 1938ರಲ್ಲಿ ಕಪ್ಪೆಯ ಸ್ನಾಯುವಿನ ಮೇಲೆ ಮಾಡಿದ ಪ್ರಯೋಗಗಳಿಂದ ಇದು ಗೊತ್ತಿದೆ: ಸ್ನಾಯು ಎಷ್ಟು ವೇಗವಾಗಿ ಕುಗ್ಗುತ್ತದೋ ಅದರ ಎಳೆತ ಅಷ್ಟು ಕಡಿಮೆಯಾಗುತ್ತದೆ. ಕುಗ್ಗದೆ ನಿಂತಾಗ ಎಳೆತ ಹೆಚ್ಚು. ಹೊರಗಿನ ಭಾರಕ್ಕೆ ಬಲವಂತವಾಗಿ ಹಿಗ್ಗುವಾಗ ಇನ್ನೂ ಹೆಚ್ಚು. ಜಿಗಿಯುವಾಗ ಕಣಕಾಲು ಚಾಚಿಕೊಳ್ಳುವ ವೇಗದಲ್ಲಿ ಸ್ನಾಯುವೇ ಕುಗ್ಗಬೇಕಾಗಿದ್ದರೆ ಅದು ಬಡಪಾಯಿ. ಆ ವೇಗವನ್ನು ರಜ್ಜುವಿಗೆ ಬಿಟ್ಟು, ತಾನು ನಿಂತಲ್ಲೇ ನಿಂತು ಎಳೆದರೆ ಅದೇ ಸ್ನಾಯು ಪೈಲ್ವಾನ. ಹಿಗ್ಗಿದ ರಜ್ಜು ತನ್ನಲ್ಲಿಟ್ಟುಕೊಂಡ ಶಕ್ತಿಯಲ್ಲಿ ಸುಮಾರು ಶೇ. 90ನ್ನು ವಾಪಸು ಕೊಡುತ್ತದೆ. ಇಂಥ ಪ್ರಾಮಾಣಿಕ ಸಾಲಗಾರ ಊರಲ್ಲೂ ಸಿಗುವುದು ಕಷ್ಟ. ಮನುಷ್ಯರ ಅಕಿಲೀಸ್ ರಜ್ಜುವಿಗೇ ಬಕಲ್‌ನಂಥ ಪುಟ್ಟ ಮಾಪಕ ತೊಡಿಸಿ ಓಡಿಸಿದ ಫಿನ್‌ಲೆಂಡಿನ ಪಾವೊ ಕೋಮಿ, ಅದರ ಮೇಲೆ ಬೀಳುವ ಎಳೆತ 9 ಕಿಲೋನ್ಯೂಟನ್‌ವರೆಗೂ ಹೋಗುವುದನ್ನು ಅಳೆದರು. ಅಷ್ಟು ಬಲದಲ್ಲಿ 900 ಕೆ.ಜಿ.ಗೂ ಹೆಚ್ಚು ಭಾರ ನೇತುಹಾಕಬಹುದು.

ಈಗ ನಮ್ಮ ಹುಡುಗನ ಲೆಕ್ಕ. 30 ಸೆಂ.ಮೀ.ನಿಂದ ಇಳಿದರೆ ನೆಲ ಮುಟ್ಟುವ ವೇಗ ಸೆಕೆಂಡಿಗೆ 2.43 ಮೀಟರ್. (ಗಂಡಸರ ವಾಲಿಬಾಲ್ ಬಲೆಯ ಎತ್ತರವೂ 2.43 ಮೀಟರ್; ಕಾಕತಾಳೀಯ, ಆದರೆ ಹುಡುಗರಿಗೆ ನೆನಪಿಡಲು ಒಳ್ಳೇದು.) 75ರಿಂದ ಇಳಿದರೆ 3.84 ಮೀಟರ್. ಅವನ 74 ಕೆ.ಜಿ.ಗೆ ಕಾಲು ತಡೆದು ನಿಲ್ಲಿಸಬೇಕಾದ ಶಕ್ತಿ 30ರಲ್ಲಿ 218 ಜೂಲ್, 75ರಲ್ಲಿ 544. ಮೊದಲನೆಯದನ್ನು ಮೀನಖಂಡ ಹಿಡಿದು ನಿಲ್ಲುತ್ತದೆ. ಎರಡನೆಯದಕ್ಕೆ ಕವೆ ಹಿಡಿದ ಕೈ ಸೋಲುತ್ತದೆ: ಎಳೆಗಳು ಹಿಗ್ಗಿಬಿಡುತ್ತವೆ, ಹಿಮ್ಮಡಿ ನೆಲಕ್ಕೆ ಅಪ್ಪಳಿಸುತ್ತದೆ, ಧಬ್. ರಜ್ಜು ಹಿಡಿಯಬೇಕಾದ ಶಕ್ತಿಯಲ್ಲಿ ಒಂದು ಪಾಲು ಹಿಮ್ಮಡಿಯ ಮೂಲಕ ಸಿಮೆಂಟಿಗೆ ಹೋಯಿತು. ಮಿಕ್ಕದ್ದನ್ನು ನುಂಗಲು ಮಂಡಿ ಆಳಕ್ಕೆ ಮಡಚಬೇಕು. ಅಲ್ಲಿ ತೊಡೆಯ ಮುಂಭಾಗದ ನಾಲ್ಕು ತಲೆಯ ಕ್ವಾಡ್ರಿಸೆಪ್ಸ್, ಇಳಿಜಾರಿನಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರಿನ ಬ್ರೇಕಿನಂತೆ ಹಿಗ್ಗುತ್ತಲೇ ಎಳೆದು ತಡೆಯುತ್ತದೆ. ಆ ಎಳೆತವೆಲ್ಲ ಹಾದುಹೋಗುವುದು ಮಂಡಿಚಿಪ್ಪಿನ ಕೆಳಗಿನ ರಜ್ಜುವಿನ ಮೂಲಕ. ನೋವು ಎಲ್ಲಿತ್ತು ಎಂದು ಆಗಲೇ ಹೇಳಿದ್ದೇನೆ.

ಅವನ ತೊಡೆ ಬಲವಾಗಿದ್ದದ್ದೇ ಇಲ್ಲಿ ಅವನಿಗೆ ಮೋಸ ಮಾಡಿತು. ಬಡಕಲು ತೊಡೆಯವನಾಗಿದ್ದರೆ ಮೊದಲ ವಾರವೇ ಕುಸಿದು ಕೂತು ಕಟ್ಟೆಯಾಟ ನಿಲ್ಲಿಸಿರುತ್ತಿದ್ದ. ಇವನು ಪ್ರತಿ ಸಲವೂ ತೊಡೆಯಲ್ಲಿ ಸಂಭಾಳಿಸಿದ, ಆರು ವಾರ ಸಂಭಾಳಿಸಿದ.

ನೆಲ ಮುಟ್ಟುವ ಮುಂಚೆ

ಹಿಡಿದು ನಿಲ್ಲಬೇಕು ಎಂದರೆ ಪಾದ ನೆಲ ಮುಟ್ಟಿದ ಮೇಲೆ ಬಿಗಿದರೆ ತಡವಾಯಿತು. ಸ್ನಾಯುವಿಗೆ ಎಳೆತ ಬಿದ್ದ ಸುದ್ದಿ ಬೆನ್ನುಹುರಿಗೆ ಹೋಗಿ, ಅಲ್ಲಿಂದ ಆಜ್ಞೆ ಮೀನಖಂಡಕ್ಕೆ ಬರಲು ಸುಮಾರು 40 ಮಿಲಿಸೆಕೆಂಡ್ ಬೇಕು. ಆಮೇಲೆ ಸ್ನಾಯು ಬಲ ಕಟ್ಟಲು ಮತ್ತಷ್ಟು. ಇಡೀ ಆಟವೇ 200 ಮಿಲಿಸೆಕೆಂಡಿನದು. ಅದಕ್ಕೇ ಅನುಭವಿ ಕಾಲು, ನೆಲ ಇನ್ನೂ ದೂರವಿರುವಾಗಲೇ, ಸುಮಾರು ಹತ್ತನೇ ಒಂದು ಸೆಕೆಂಡ್ ಮೊದಲೇ ಮೀನಖಂಡವನ್ನು ಬಿಗಿದುಕೊಳ್ಳುತ್ತದೆ. ಕತ್ತಲಲ್ಲಿ ಮೆಟ್ಟಿಲಿಳಿಯುತ್ತಾ ಇನ್ನೊಂದು ಮೆಟ್ಟಿಲಿದೆ ಎಂದುಕೊಂಡು ಕಾಲಿಟ್ಟು, ನೆಲವೇ ಸಿಕ್ಕಿ ಮೈಯೆಲ್ಲ ಝಲ್ಲೆಂದ ಅನುಭವ ಯಾರಿಗಿಲ್ಲ? ಮಿದುಳು ಬಿಗಿಯುವ ಗಳಿಗೆಯನ್ನು ಮೊದಲೇ ಗೊತ್ತುಮಾಡಿಟ್ಟಿತ್ತು, ನೆಲ ಆ ಗಳಿಗೆಗೆ ಬರಲಿಲ್ಲ.

ಎತ್ತರ ಅತಿಯಾದಾಗ ಅಭ್ಯಾಸವಿಲ್ಲದ ಕಾಲಿನಲ್ಲಿ ಇನ್ನೊಂದು ಕೆಲಸವೂ ನಡೆಯುತ್ತದೆ. ಸ್ನಾಯುವಿನ ವಿದ್ಯುತ್ ಚಟುವಟಿಕೆ ಅಳೆದವರು, ನೆಲ ಮುಟ್ಟಿದ ಮರುಕ್ಷಣ ಅದು ಏರುವ ಬದಲು ಕುಗ್ಗುವುದನ್ನು ನೋಡಿದ್ದಾರೆ. ಶರೀರವೇ ಕೈ ಹಿಂದೆಗೆಯುತ್ತದೆ. ನರಮಂಡಲದ ಈ ಹಿಂಜರಿಕೆ ನನಗೆ ತಪ್ಪಾಗಿ ಕಾಣುವುದಿಲ್ಲ. ಹುಡುಗನಿಗಿಂತ ಅವನ ಬೆನ್ನುಹುರಿಗೆ ಬುದ್ಧಿ ಜಾಸ್ತಿ ಇತ್ತು.

ಒಂದು ಮಾತು ಇಲ್ಲಿ ಬೇರ್ಪಡಿಸಬೇಕು. ನಿಂತಲ್ಲಿಂದ ಕುಗ್ಗಿ ನೆಗೆಯುವ ನಿಧಾನದ ಜಿಗಿತದಲ್ಲಿ ಸಿಗುವ ಲಾಭಕ್ಕೆ ರಜ್ಜುವಿನ ಪುಟಿತವೊಂದೇ ಕಾರಣ ಎನ್ನುವುದು ಸರಿಯಲ್ಲ. ಅಲ್ಲಿ ಹೆಚ್ಚಿನ ಪಾಲು, ಮೇಲಕ್ಕೆ ಹೊರಡುವ ಹೊತ್ತಿಗಾಗಲೇ ಸ್ನಾಯು ಬಲ ಕಟ್ಟಿಕೊಂಡು ಸಿದ್ಧವಾಗಿರುವುದರಿಂದ ಬರುತ್ತದೆ. ನೆಲದ ಸಮಯ 0.25 ಸೆಕೆಂಡಿಗಿಂತ ಕಡಿಮೆಯಿರುವ ಚುರುಕಿನ ಪುಟಿತಗಳಲ್ಲಿ ರಜ್ಜುವಿನ ಪಾತ್ರ ದೊಡ್ಡದು. 75ರ ಕಟ್ಟೆಯಿಂದ ಇವನ 0.35 ಸೆಕೆಂಡ್ ಆ ಗೆರೆಯ ಆಚೆ ಎಲ್ಲೋ ಇತ್ತು.

ಹಾಗಾದರೆ 75 ಎಲ್ಲಿಂದ ಬಂತು? ಸೋವಿಯತ್ ಒಕ್ಕೂಟದ ಯೂರಿ ವೆರ್ಖೋಶಾನ್ಸ್ಕಿ 1960ರ ದಶಕದಲ್ಲಿ ಧುಮುಕಿ ನೆಗೆಯುವ ತರಬೇತಿಯನ್ನು ಶಾಸ್ತ್ರಬದ್ಧ ಮಾಡಿದಾಗ ಹೇಳಿದ ಎತ್ತರಗಳು 0.75 ಮತ್ತು 1.10 ಮೀಟರ್. ಅವರು ಅದನ್ನು ಕರೆದದ್ದು ಆಘಾತ ವಿಧಾನ ಎಂದು. ಪ್ಲಯೋಮೆಟ್ರಿಕ್ಸ್ ಎಂಬ ಹೆಸರು 1975ರಲ್ಲಿ ಅಮೆರಿಕದ ಫ್ರೆಡ್ ವಿಲ್ಟ್ ಇಟ್ಟದ್ದು. ಆ ಎತ್ತರಗಳು ವರ್ಷಗಟ್ಟಲೆ ಪಳಗಿದ ಜಿಗಿತಗಾರರಿಗಾಗಿ, ಎಣಿಸಿ ಕೊಡುವ ಔಷಧಿಯಂತೆ. ಹೆಸರು ಬದಲಾಗಿ, ದೇಶ ದಾಟಿ, ಫೋನಿಗೆ ಬರುವಷ್ಟರಲ್ಲಿ ಔಷಧಿಯ ಚೀಟಿ ಕಳೆದುಹೋಗಿ ಅಂಕಿ ಮಾತ್ರ ಉಳಿಯಿತು.

ಹನ್ನೆರಡು ವಾರ

ಮೊದಲು ನೋವು. ಫಿಸಿಯೊಥೆರಪಿಸ್ಟ್ ಒಬ್ಬರು ನೋಡಿ ಮಂಡಿಚಿಪ್ಪಿನ ರಜ್ಜುವಿನ ತೊಂದರೆ, ಜಂಪರ್ಸ್ ನೀ, ಎಂದು ಖಚಿತಪಡಿಸಿದರು. ವಾಲಿಬಾಲ್‌ನವರಿಗೆ ಇದು ಹೊಸದಲ್ಲ. ನಾರ್ವೆಯ ಉನ್ನತ ಮಟ್ಟದ ಗಂಡು ಆಟಗಾರರಲ್ಲಿ ಸುಮಾರು ಶೇ. 45 ಮಂದಿಗೆ ಇದಿರುವುದನ್ನು 2005ರ ಅಧ್ಯಯನವೊಂದು ಕಂಡಿತ್ತು. ಎರಡು ವಾರ ಜಿಗಿತ ಬಂದ್. ಬದಲಿಗೆ ಮಂಡಿ ಮಡಚಿ ಅಲ್ಲಾಡದೆ 45 ಸೆಕೆಂಡ್ ಭಾರ ಹಿಡಿದು ನಿಲ್ಲುವುದು, ಐದು ಸಲ. ಜೊತೆಗೆ ಮೂರು ಸೆಕೆಂಡಿನಲ್ಲಿ ಇಳಿದು ಮೂರು ಸೆಕೆಂಡಿನಲ್ಲಿ ಏಳುವ ನಿಧಾನದ ಬೈಠಕ್. ಮಂಡಿ ಮಡಚಿ ಕೂತು ತೊಡೆಯ ಮೇಲೆ ಮರಳು ಚೀಲವಿಟ್ಟು ಹಿಮ್ಮಡಿ ಎತ್ತುವುದು: ಹೀಗೆ ಕೂತಾಗ ಗ್ಯಾಸ್ಟ್ರಾಕ್ನೀಮಿಯಸ್ ಸಡಿಲವಾಗಿ ಕೆಲಸ ಸೋಲಿಯಸ್ ಮೇಲೆ ಬೀಳುತ್ತದೆ. 110 ಕೆ.ಜಿ. ಎತ್ತುವ ಹುಡುಗ 40 ಕೆ.ಜಿ. ಮರಳು ಚೀಲಕ್ಕೆ ಹತ್ತನೇ ಸಲ ನಡುಗಿದ. "ಇದ್ಯಾಕ್ ಸಾರ್ ಹಿಂಗಾಡ್ತದೆ?" ಎಂದು ತನ್ನದೇ ಕಾಲನ್ನು ಬೇರೆಯವರ ಕಾಲಿನಂತೆ ನೋಡಿಕೊಂಡ. ಕವೆ ಹಿಡಿಯುವ ಕೈ ಎಷ್ಟು ಮೆತ್ತಗಿತ್ತು ಎಂಬುದು ಅವತ್ತು ಇಬ್ಬರಿಗೂ ಗೊತ್ತಾಯಿತು.

ಮೂರನೇ ವಾರದಿಂದ ಮಣ್ಣಿನ ನೆಲದ ಮೇಲೆ ಸ್ಕಿಪ್ಪಿಂಗ್, ಮಂಡಿ ಹೆಚ್ಚು ಮಡಚದೆ ಕಣಕಾಲಿನಿಂದಲೇ ಪುಟಿಯುವುದು, ಆಮೇಲೆ 20 ಸೆಂ.ಮೀ. ಪೆಟ್ಟಿಗೆ. ವಾರಕ್ಕೆ ಎರಡೇ ದಿನ, ದಿನಕ್ಕೆ ಪಾದ ನೆಲ ಮುಟ್ಟುವುದು ಅರವತ್ತು ಸಲ ಮೀರುವಂತಿಲ್ಲ. ದಿನಕ್ಕೆ ನೂರರಂತೆ ಆರು ದಿನ ಮಾಡಿದವನಿಗೆ ಇದು ರಜೆಯಂತೆ ಕಂಡಿತು.

ಇಲ್ಲಿ ನಾನೊಂದು ತಪ್ಪು ಮಾಡಿದೆ. "ಹಿಮ್ಮಡಿ ನೆಲಕ್ಕೆ ತಾಗಬಾರದು" ಎಂದು ಕಟ್ಟಪ್ಪಣೆ ಮಾಡಿಬಿಟ್ಟೆ. ಅವನು ತುದಿಗಾಲಲ್ಲಿ, ಕೋಲು ಕಟ್ಟಿದಂತೆ ಇಳಿಯತೊಡಗಿದ. ಸದ್ದು ಒಂದಾಯಿತು, ಆದರೆ ಫ್ರೇಮ್ ಎಣಿಸಿದರೆ ಎತ್ತರ ಇನ್ನೂ ಕಡಿಮೆ, ಮೇಲಿಂದ ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ರಬ್ಬರು ಹಿಗ್ಗಲು ಕಣಕಾಲು ಒಂದಿಷ್ಟು ಮಡಚಲೇಬೇಕು. ಮಾತು ಬದಲಿಸಿದೆ: ಹಿಮ್ಮಡಿ ಇಳಿಯಲಿ, ನೆಲಕ್ಕೂ ಅದಕ್ಕೂ ನಡುವೆ ನೋಟ್‌ಬುಕ್ಕಿನ ರಟ್ಟು ತೂರುವಷ್ಟು ಜಾಗ ಉಳಿಯಲಿ. ಕಣ್ಣು ನೆಲದ ಮೇಲೆ ಬೇಡ, ಬಲೆಯ ಮೇಲಿನ ಪಟ್ಟಿಯ ಮೇಲಿರಲಿ. ಎರಡೇ ದಿನದಲ್ಲಿ ಸರಿಹೋಯಿತು.

ಐದನೇ ವಾರ ಎಲ್ಲ ಕೆಟ್ಟಿತು. ಪಕ್ಕದೂರಲ್ಲಿ ಹೊನಲು ಬೆಳಕಿನ ಪಂದ್ಯಾವಳಿ, ಮೂರು ರಾತ್ರಿ. ನನಗೆ ಹೇಳದೆ ಊರಿನ ತಂಡಕ್ಕೆ ಆಡಿದ. ಕೊನೇ ಪಂದ್ಯ ಮುಗಿದದ್ದು ಬೆಳಗಿನ ಜಾವ ಎರಡಕ್ಕಂತೆ. ಸೋಮವಾರ ಮೆಟ್ಟಿಲನ್ನು ಅಡ್ಡಡ್ಡ ಇಳಿದು ಬಂದ. ನೋವು ಹತ್ತಕ್ಕೆ ಏಳು ಎಂದ. ಬೈದೆ. ಬೈದು ಪ್ರಯೋಜನವಿಲ್ಲ ಎಂದೂ ಗೊತ್ತು, ಊರಿನವರು ಕರೆದರೆ ನಾನೂ ಆ ವಯಸ್ಸಲ್ಲಿ ಹೋಗುತ್ತಿದ್ದೆ. ಹತ್ತು ದಿನ ಜಿಗಿತ ನಿಲ್ಲಿಸಿ ಮತ್ತೆ ಅಲ್ಲಾಡದೆ ಹಿಡಿದು ನಿಲ್ಲುವ ವ್ಯಾಯಾಮಕ್ಕೆ ಮರಳಿದೆವು. ಸ್ನಾಯು ಕೆಲವೇ ವಾರಗಳಲ್ಲಿ ಬಲಿಯುತ್ತದೆ, ರಜ್ಜು ತಿಂಗಳುಗಳ ಲೆಕ್ಕದಲ್ಲಿ ನಡೆಯುತ್ತದೆ. ಹುಡುಗನ ಉತ್ಸಾಹ ಮಾತ್ರ ದಿನಗಳ ಲೆಕ್ಕದ್ದು.

ಏಳರಿಂದ ಹತ್ತನೇ ವಾರದವರೆಗೆ 20, ಆಮೇಲೆ 30 ಸೆಂ.ಮೀ. ನಿಯಮ ಒಂದೇ: ಸದ್ದು ಎರಡಾದರೆ ಅವತ್ತಿನ ಪೆಟ್ಟಿಗೆ ಕೆಲಸ ಮುಗಿಯಿತು. ಕೊನೆಯ ಎರಡು ವಾರ ಬಲೆಯ ಹತ್ತಿರ ಮೂರು ಹೆಜ್ಜೆ ಓಡಿಬಂದು ನೆಗೆಯುವುದನ್ನೂ ಸೇರಿಸಿದೆ, ಆಗ ಪೆಟ್ಟಿಗೆಯ ಎಣಿಕೆ ಅರ್ಧಕ್ಕಿಳಿಸಿದೆ. ಓಡಿ ಬಂದು ನೆಗೆಯುವಲ್ಲಿ ಸೊಂಟದಿಂದ ಮಂಡಿಗೆ, ಮಂಡಿಯಿಂದ ಕಣಕಾಲಿಗೆ ಚಾಚಿಕೊಳ್ಳುವ ಸರದಿ ಮುಖ್ಯ. ಮಂಡಿ ರಭಸದಿಂದ ನೇರವಾಗುವಾಗ, ಅದರ ಹಿಂಬದಿ ದಾಟಿ ಬರುವ ಗ್ಯಾಸ್ಟ್ರಾಕ್ನೀಮಿಯಸ್ ಹಗ್ಗದಂತೆ ಬಿಗಿದು ಹಿಮ್ಮಡಿಯನ್ನು ಎಳೆಯುತ್ತದೆ. ತೊಡೆಯ ದುಡಿಮೆ ಪಾದಕ್ಕೆ ಹೋಗುವುದು ಆ ಹಗ್ಗದ ಮೇಲೆ. ಅವನ ಕಬ್ಬಿನ ಹೊರೆಯ ತೊಡೆ ಕೊನೆಗೂ ಕೆಲಸಕ್ಕೆ ಬಂದದ್ದು ಇಲ್ಲಿ.

ಹನ್ನೆರಡನೇ ವಾರದ ಕೊನೆಗೆ ಅದೇ ಇಟ್ಟಿಗೆ, ಅದೇ ಫೋನ್. ಕದಲದೆ ಕೂತಲ್ಲಿಂದ ಎದ್ದದ್ದು 34.9 ಸೆಂ.ಮೀ., ಮೊದಲಿಗಿಂತ ಎರಡು ಹೆಚ್ಚು. ಕುಗ್ಗಿ ಎದ್ದದ್ದು 38.8, ಐದು ಹೆಚ್ಚು. 30ರ ಪೆಟ್ಟಿಗೆಯಿಂದ ನೆಲದ ಸಮಯ 0.19 ಸೆಕೆಂಡಿಗೆ ಇಳಿದು ಎತ್ತರ 34.9ಕ್ಕೆ ಏರಿತು, 1.33 ಇದ್ದ ಸೂಚ್ಯಂಕ 1.84 ಆಯಿತು. 45ರಿಂದಲೂ ಈಗ ಒಂದೇ ಸದ್ದು. ಹೆಗಲ ಮೇಲೆ ಎತ್ತುವ ತೂಕ ಮಾತ್ರ 110 ಇದ್ದದ್ದು 115, ಅಷ್ಟೇ. ಇದರಲ್ಲಿ ಎಷ್ಟು ಪಾಲು ಹೊಸ ಅಭ್ಯಾಸದ್ದು, ಎಷ್ಟು ಆರು ವಾರದ ದಣಿವು ಇಳಿದದ್ದರದ್ದು ಎಂದು ಒಬ್ಬನ ಲೆಕ್ಕದಿಂದ ಬೇರ್ಪಡಿಸಲಾಗುವುದಿಲ್ಲ. ದಣಿವಿನ ಪಾಲು ಸಣ್ಣದಲ್ಲ ಎಂದು ನನ್ನ ಅಂದಾಜು. ನೋವು ಪೂರ್ತಿ ಹೋಗಿಲ್ಲ. ಪಂದ್ಯದ ಮಾರನೇ ದಿನ ಹತ್ತಕ್ಕೆ ಒಂದೋ ಎರಡೋ ಇರುತ್ತದೆ.

"75 ಒಂದ್ಸಲ ನೋಡವಾ ಸಾರ್?" ಎಂದ. ಬೇಡ ಎಂದೆ.

ಇನ್ನೊಂದು ಬಾಕಿ ಉಳಿದಿದೆ. ಅಳತೆ ಮುಗಿಸಿ, ಸುಮ್ಮನೆ, ಒಂಟಿ ಕಾಲಲ್ಲಿ ಪುಟಿಯಲು ಹೇಳಿದೆ. ಬಲಗಾಲು ಟಪ್ ಟಪ್ ಟಪ್. ಎಡಗಾಲಿನಲ್ಲಿ ಮೂರನೇ ಸಲಕ್ಕೇ ಹಿಮ್ಮಡಿ ಕೂತಿತು. ಗೋಡೆಗೆ ಮಂಡಿ ತಾಗಿಸಿ, ಹಿಮ್ಮಡಿ ಏಳದಂತೆ ಪಾದ ಎಷ್ಟು ಹಿಂದಕ್ಕೆ ಹೋಗುತ್ತದೆಂದು ಅಳೆದರೆ ಬಲಗಾಲು 11 ಸೆಂ.ಮೀ., ಎಡಗಾಲು 6. ಕೇಳಿದಾಗ, ಹೈಸ್ಕೂಲಿನಲ್ಲಿ ಎಡ ಕಣಕಾಲು ಉಳುಕಿತ್ತು, ಅಜ್ಜಿ ಎಣ್ಣೆ ತಿಕ್ಕಿ ಬಟ್ಟೆ ಕಟ್ಟಿದ್ದರು, ವಾರಕ್ಕೆ ಸರಿಹೋಯ್ತು ಎಂದ. ಹನ್ನೆರಡು ವಾರ ಎರಡು ಕಾಲನ್ನೂ ಒಟ್ಟಿಗೇ ಎಣಿಸಿದ್ದ ನನಗೆ ಅದು ಕಂಡಿರಲಿಲ್ಲ. ನೋವಿದ್ದ ಬಲ ಮಂಡಿ ಅಷ್ಟು ದಿನ ಎಡ ಕಣಕಾಲಿನ ಪಾಲನ್ನೂ ಹೊತ್ತಿತ್ತೇನೋ. ಸೋಮವಾರದಿಂದ ಮರಳು ಚೀಲ ಎಡ ತೊಡೆಯ ಮೇಲೆ ಮಾತ್ರ.